ಅಡಿಯಲ್ಲಿ ಮೀನಿದ್ದ ಕಲ್ಲು

ನೆರಿಯದ ತುಕ್ರಪ್ಪನ ಸಾಣೆಕಲ್ಲಿಗೆ ಒಂದು ಕಾಲದಲ್ಲಿ ಬಂಟ್ವಾಳದಿಂದ ಮೂಡುಬಿದಿರೆಯ ತನಕ ಕ್ಷೌರದಂಗಡಿಗಳಲ್ಲಿ ಬಹಳ ಬೇಡಿಕೆಯಿತ್ತು. ಹುಲ್ಲು ಕೊಯ್ಯುವ ಕತ್ತಿ ಮಸೆಯಲು ಯಾವ ಕಲ್ಲಾದರೂ ನಡೆದೀತು. ಕ್ಷೌರದ ಕತ್ತಿಗೆ ಬೆಣ್ಣೆಯಷ್ಟು ನುಣುಪಾದ ಕಲ್ಲೇ ಆಗಬೇಕು. ಅಂಥದ್ದು ಅವನ ಮನೆಯ ಕೆಳಗಿನ ಹೊಳೆಯಲ್ಲಿ, ಒಂದೇ ಒಂದು ಕಡೆ, ಬಂಡೆಗಳ ನಡುವೆ ನೀಲಿಬೂದು ಪದರವಾಗಿ ಸಿಗುತ್ತಿತ್ತು. ಬೇಸಗೆಯಲ್ಲಿ ನೀರಿಳಿದಾಗ ತುಕ್ರಪ್ಪ ಅದನ್ನು ಸೀಳಿ ತಂದು, ಎರಡೆರಡು ಕಲ್ಲುಗಳನ್ನು ಮುಖಕ್ಕೆ ಮುಖ ಕೊಟ್ಟು, ನಡುವೆ ಮರಳು ಹಾಕಿ ಉಜ್ಜಿ ಸಮ ಮಾಡುತ್ತಿದ್ದ. ಕೊನೆಯ ನುಣುಪು ಹೆಂಡತಿ ಸೇಸಮ್ಮನದು. ಬರೀ ನೀರಿನಲ್ಲಿ ತಿಕ್ಕಿ, ಕೆನ್ನೆಗೆ ಒತ್ತಿ ನೋಡಿ, ಎಲ್ಲಿಯೂ ತರಿ ಇಲ್ಲವೆಂದು ಖಾತ್ರಿಯಾದ ಮೇಲೆ ಅಡಿಭಾಗದಲ್ಲಿ ಮೊಳೆಯಿಂದ ಪುಟ್ಟದೊಂದು ಮೀನನ್ನು ಗೀಚುತ್ತಿದ್ದಳು.

“ಕ್ಷೌರದವನಿಗೆ ಮೀನು ಯಾಕೆ ಮಾರಾಯ್ತಿ? ಸಾರು ಮಾಡ್ಲಿಕ್ಕಾ?” ಎಂದು ಅವನು ಕೆಣಕುವನು.

“ಹೊಳೆಯಿಂದ ಎಬ್ಬಿಸಿ ತಂದದ್ದಲ್ವಾ? ಗೊತ್ತಿಲ್ಲದ ಊರಿಗೆ ಒಂದೇ ಹೋಗುವುದು ಬೇಡ, ಜೊತೆಗೆ ಒಬ್ರು ಇರ್ಲಿ,” ಎನ್ನುವಳು ಅವಳು.

ಬಳಸಿ ಬಿಸಾಡುವ ಬ್ಲೇಡುಗಳು ಬಂದ ಮೇಲೆ ಕಲ್ಲು ಕೇಳುವವರಿಲ್ಲದಾದರು. ಗುಡ್ಡ ಜರಿದ ವರ್ಷ ಆ ಪದರವೂ ಮಣ್ಣಿನಡಿ ಸೇರಿತು. ಈಚೆಗೆ ಸೇಸಮ್ಮನೂ ತೀರಿಕೊಂಡಳು. ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ ತುಕ್ರಪ್ಪನಿಗೆ ಒಂದು ಸಂಗತಿ ಹೊಳೆಯಿತು. ಮಾಡಿದ್ದನ್ನೆಲ್ಲ ಮಾರಿದ್ದರು, ಮನೆಗೆಂದು ಒಂದನ್ನೂ ಇಟ್ಟುಕೊಂಡಿರಲಿಲ್ಲ. ಅವಳ ಕೈಯದೆನ್ನುವ ಗುರುತು ಆ ಮೀನೊಂದೇ.

ಹಳೆಯ ಗಿರಾಕಿಗಳನ್ನು ಹುಡುಕುತ್ತ ಅವನು ಬೆಳ್ತಂಗಡಿ, ಬಂಟ್ವಾಳಗಳನ್ನೆಲ್ಲ ಅಲೆದ. ಯಾರಲ್ಲೂ ಕಲ್ಲು ಉಳಿದಿರಲಿಲ್ಲ. ಕೊನೆಗೆ ಮೂಡುಬಿದಿರೆಯಾಚೆ ಪುತ್ತಿಗೆಯಲ್ಲಿ ನೋಣಯ್ಯನೆಂಬ ಮುದಿ ಕ್ಷೌರಿಕ, “ನಿಮ್ಮ ಕಲ್ಲು ಉಂಟು ತುಕ್ರಪ್ಪಣ್ಣ, ಅಟ್ಟದಲ್ಲಿ ಎಲ್ಲಿಯೋ. ಮಂಗಳವಾರ ಅಂಗಡಿಗೆ ರಜೆ, ಆ ದಿನ ಮನೆಗೆ ಬನ್ನಿ, ಹುಡುಕಿ ಇಡ್ತೇನೆ,” ಎಂದ. ಕಲ್ಲು ಯಾಕೆ ಬೇಕೆಂದು ತುಕ್ರಪ್ಪ ಹೇಳಲಿಲ್ಲ. ಸೇಸಮ್ಮನ ಹೆಸರನ್ನೂ ಎತ್ತದೆ, ಮಂಗಳವಾರ ಬರುತ್ತೇನೆಂದು ಹೊರಟ.

ಮಂಗಳವಾರ ನೋಣಯ್ಯ ಜಗಲಿಯಲ್ಲೇ ಕಾದಿದ್ದ. ಬಟ್ಟೆಯಲ್ಲಿ ಸುತ್ತಿದ ಕಲ್ಲನ್ನು ಎರಡೂ ಕೈಗಳಿಂದ ನೀಡಿದ.

“ಎಷ್ಟೋ ಕಾಲ ಕತ್ತಿ ಮಸೆದ ಕಲ್ಲು, ನಡುವೆ ದೋಣಿಯ ಹಾಗೆ ಗುಳಿ ಬಿದ್ದಿತ್ತು. ಅಂಥದ್ದನ್ನು ಮಾಡಿದವರ ಕೈಗೇ ಕೊಡುವುದು ಹೇಗೆ? ನಮಗೂ ಮರ್ಯಾದೆ ಉಂಟಲ್ಲ. ನಿನ್ನೆಯಿಂದ ಕೂತು ಉಜ್ಜಿದ್ದೇನೆ.”

ತುಕ್ರಪ್ಪ ಕಲ್ಲನ್ನು ಮಗುಚಿದ. ಅಡಿಭಾಗವೂ ನುಣ್ಣಗೆ ಹೊಳೆಯುತ್ತಿತ್ತು.

“ಕಲ್ಲು ಕೂರಿಸಿದ್ದ ಹಲಗೆಯಿಂದ ಬಿಡಿಸಿದಾಗ ಅಡಿಯಲ್ಲಿ ಏನೋ ಗೀಚಿದ್ದು ಕಂಡಿತು. ಮಕ್ಕಳ ಕೆಲಸ ಇರ್ಬೇಕು. ಅದನ್ನೂ ತೆಗೆದೆ. ಹೇಗುಂಟು? ಹೊಸದರ ಹಾಗೆ ಇಲ್ವಾ?”

ತುಕ್ರಪ್ಪ ಕಲ್ಲನ್ನು ಕೆನ್ನೆಗೆ ಒತ್ತಿ ಸ್ವಲ್ಪ ಹೊತ್ತು ಹಾಗೆಯೇ ಹಿಡಿದ. ಎಲ್ಲಿಯೂ ತರಿ ಇರಲಿಲ್ಲ.

“ಲಾಯ್ಕ ಆಗಿದೆ ನೋಣಯ್ಯಣ್ಣ,” ಎಂದ. “ಉಜ್ಜಿದ್ದು ಎಲ್ಲಿ ಕೂತು?”

“ಅಗೋ, ಬಾವಿಕಟ್ಟೆಯ ಹತ್ರ. ಕೂತ್ಕೊಳ್ಳಿ, ಚಾ ತರ್ತೇನೆ.”

ಬಾವಿಕಟ್ಟೆಯ ಬುಡದಲ್ಲಿ ಕಲ್ಲು ಸವೆದ ನೀಲಿಬೂದು ಕೆಸರು ತೆಳ್ಳಗೆ ಒಣಗಿ ಬಿರುಕು ಬಿಟ್ಟಿತ್ತು. ತುಕ್ರಪ್ಪ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಕಲ್ಲು ಸುತ್ತಿದ್ದ ಬಟ್ಟೆಯನ್ನು ಹಾಸಿ, ಕೆಸರನ್ನು ಉಗುರಿನಿಂದ ಮೆಲ್ಲನೆ ಕೆರೆದು ಕೆರೆದು ಬಟ್ಟೆಗೆ ಹಾಕತೊಡಗಿದ.

ಲೋಟ ಹಿಡಿದು ಬಂದ ನೋಣಯ್ಯ, “ಅದು ಬರೀ ಕೆಸರು ಮಾರಾಯ್ರೆ. ಕೈ ತೊಳ್ಕೊಳ್ಳಿ, ಚಾ ಆರ್ತದೆ,” ಎಂದ.

“ಇರ್ಲಿ,” ಎಂದ ತುಕ್ರಪ್ಪ, ಮುಖವೆತ್ತದೆ.