ವಾಯಿದೆ ವಕೀಲರ ಐದು ಅರ್ಜಿಗಳು

ನಮ್ಮ ವಕೀಲರಿಗೆ ಬರುತ್ತಿದ್ದ ವಿದ್ಯೆ ಒಂದೇ, ವಾಯಿದೆ ತೆಗೆದುಕೊಳ್ಳುವುದು. ಸಾಕ್ಷಿಗೆ ಜ್ವರವೆಂದು ವಾಯಿದೆ, ಮೂಲಪತ್ರ ಸಿಕ್ಕಿಲ್ಲವೆಂದು ವಾಯಿದೆ, ಕಕ್ಷಿಗಾರನ ಮನೆಯಲ್ಲಿ ಸೂತಕವೆಂದು ವಾಯಿದೆ. ಒಬ್ಬನೇ ಕಕ್ಷಿಗಾರನ ಒಬ್ಬಳೇ ಅಜ್ಜಿಯನ್ನು ಒಂದೇ ವರ್ಷದಲ್ಲಿ ಮೂರು ಸಲ ಸಾಯಿಸಿದ ಪುಣ್ಯಾತ್ಮರು ಅವರು. ಮಡಿಕೇರಿಯ ಕೋರ್ಟಿನಲ್ಲಿ ಅವರು ಕರಿ ಕೋಟು ಸರಿಮಾಡಿಕೊಂಡು ಎದ್ದು ನಿಂತರೆ ಸಾಕು, ಬೆಂಚು ಗುಮಾಸ್ತ ಮುಂದಿನ ತಾರೀಕು ಹುಡುಕಲು ಗೋಡೆಯ ಕ್ಯಾಲೆಂಡರಿನ ಕಡೆ ಕತ್ತು ತಿರುಗಿಸುತ್ತಿದ್ದ.

ಇದರಿಂದ ಅವರಿಗೆ ಕೆಟ್ಟ ಹೆಸರು ಬರಲಿಲ್ಲ. ನಮ್ಮಲ್ಲಿ ಬರುತ್ತಿದ್ದುದೆಲ್ಲ ಜಮ್ಮಾ ಜಮೀನಿನ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿಯ ವ್ಯಾಜ್ಯ. ಅಣ್ಣತಮ್ಮಂದಿರಲ್ಲಿ ತೋಟ ಯಾರ ಕೈಯಲ್ಲಿದೆಯೋ ಅವನಿಗೆ ತೀರ್ಪು ಬೇಕಿರಲಿಲ್ಲ, ತೀರ್ಪು ಬಾರದಿರುವುದು ಬೇಕಿತ್ತು. ಪ್ರತಿ ವಾಯಿದೆಗೂ ಒಂದು ಕಾಫಿ ಬೆಳೆ ಅವನ ಕಣಕ್ಕೆ ಬಂದು ಬೀಳುತ್ತಿತ್ತು. ಹಾಗಾಗಿ ನಮ್ಮ ವಕೀಲರು ಒಂದೇ ಒಂದು ಕೇಸನ್ನೂ ವಾದಿಸದೆ ಗೆಲ್ಲಿಸಿಕೊಟ್ಟವರೆಂದು ಹೆಸರಾದರು. ನಾನು ಅವರ ಟೈಪಿಸ್ಟು ಗುಮಾಸ್ತ. ಶನಿವಾರಸಂತೆ ಕಡೆಯಿಂದ ಬಂದವನು, ಮದುವೆಯಾಗಿ ಎರಡು ಮಕ್ಕಳಿದ್ದವನು, ಇಂಗ್ಲಿಷನ್ನು ಅವರಿಗಿಂತ ಸ್ವಲ್ಪ ಚೆನ್ನಾಗಿಯೇ ಬಲ್ಲವನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಹೇಳುವ ವಿಷಯದಲ್ಲಿ ನನಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲವೆಂದು ಈಗಲೇ ತಿಳಿಸುತ್ತಿದ್ದೇನೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಚೀಫ್ ಕಮಿಷನರ ಕಾಲದಲ್ಲಿ ಎಲ್ಲ ಮಡಿಕೇರಿಯಲ್ಲೇ ಮುಗಿಯುತ್ತಿತ್ತು, ಈಗ ಸೀನಬೇಕಾದರೂ ಬೆಂಗಳೂರಿಗೆ ಬರೆದು ಕೇಳಬೇಕು ಎಂದು ನಮ್ಮ ವಕೀಲರು ದಿನಕ್ಕೆರಡು ಸಲ ಗೊಣಗುತ್ತಿದ್ದ ಕಾಲ. ಆಗ ಒಂದು ಬೆಳಿಗ್ಗೆ ಸುಂಟಿಕೊಪ್ಪದ ಬೇಕರಿಯವರು ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಮಲಯಾಳ ಮನೆಮಾತಿನ ಮಾಪಿಳ್ಳೆ ಮುಸಲ್ಮಾನರು, ನಲವತ್ತರ ಹತ್ತಿರದ ವಯಸ್ಸು, ತೋಳಿನ ಮೇಲೆ ಒಲೆಯ ಸುಟ್ಟ ಗಾಯಗಳು. ಕೈಯಲ್ಲಿ ಪೊಲೀಸರು ಕೊಟ್ಟ ಒಂದು ನೋಟೀಸು. ಒಂದು ತಿಂಗಳೊಳಗೆ ದೇಶ ಬಿಟ್ಟು ಹೋಗತಕ್ಕದ್ದು ಎಂದು ಅದರಲ್ಲಿತ್ತು.

ಅವರ ಕಥೆ ಐದು ನಿಮಿಷದ್ದು. ಹುಟ್ಟಿದ್ದು ಸುಂಟಿಕೊಪ್ಪದಲ್ಲಿ. ದೇಶ ಒಡೆಯುವುದಕ್ಕೆ ಒಂದು ವರ್ಷ ಮುಂಚೆ, ಹೆಂಡತಿ ಬಸುರಿ ಇದ್ದಾಗ, ಊರಿನ ನಾಲ್ಕು ಜನರ ಜೊತೆ ಹಡಗು ಹತ್ತಿ ಕರಾಚಿಗೆ ಹೋಗಿ ಒಂದು ಹೋಟೆಲಿನಲ್ಲಿ ರೊಟ್ಟಿ ಸುಡುವ ಕೆಲಸಕ್ಕೆ ನಿಂತರು. ಆಗ ಅದು ಬೊಂಬಾಯಿಗೆ ಹೋದಷ್ಟೇ ಸಾಮಾನ್ಯ ಸಂಗತಿ. ಒಲೆಯ ಮುಂದೆ ನಿಂತಿದ್ದಾಗಲೇ ಕಾಲ ಕೆಳಗಿನ ನೆಲ ಬೇರೆ ದೇಶವಾಯಿತು. ಮತ್ತೆ ಮನೆಗೆ ಬರಬೇಕೆಂದರೆ ಪಾಸ್‌ಪೋರ್ಟ್ ಬೇಕು ಎಂದರು, ಪಾಸ್‌ಪೋರ್ಟ್ ಕೊಡುವವರು ಅಲ್ಲಿಯವರು. ಅದಕ್ಕಾಗಿ ವರ್ಷಗಟ್ಟಲೆ ಅಲೆದು, ಕೊನೆಗೆ ಆ ಪುಸ್ತಕ ಹಿಡಿದು, ಮೂರು ತಿಂಗಳ ವೀಸಾ ಹಾಕಿಸಿಕೊಂಡು, ಹತ್ತು ವರ್ಷದ ಮೇಲೆ ಹೆಂಡತಿ ಮಗಳು ಇರುವ ಮನೆಗೆ ಬಂದರು. ಬಂದವರು ಬಸ್‌ಸ್ಟ್ಯಾಂಡಿನ ಹತ್ತಿರ ಬೇಕರಿ ಇಟ್ಟರು.

“ಸಾರ್, ನಾನು ಇಲ್ಲೇ ಹುಟ್ಟಿದ್ದಲ್ವಾ? ಆ ಪುಸ್ತಕ ನಾನು ಮನೆಗೆ ಬರ್ಲಿಕ್ಕೆ ಮಾಡ್ಸಿದ್ದು. ಮತ್ತೆಂತಕ್ಕೂ ಅಲ್ಲ” ಎಂದರು.

ಹೇಳಬೇಕಾದ ವಾದ ಪೂರ್ತಿ ಅಷ್ಟೇ. ಆ ಮಾತನ್ನೇ ಇಂಗ್ಲಿಷಿನಲ್ಲಿ ಟೈಪು ಮಾಡಿ ಕಳಿಸಿದ್ದರೂ ಸಾಕಿತ್ತು. ಆದರೆ ನಮ್ಮ ವಕೀಲರು ನೋಟೀಸನ್ನು ಓದಿದ್ದು ತಾರೀಕಿಗಾಗಿ ಮಾತ್ರ. ಕೇಸು ಯಾವುದಾದರೂ ಅವರು ಮೊದಲು ಹುಡುಕುತ್ತಿದ್ದುದು ಅದನ್ನೇ.

“ಒಂದು ತಿಂಗ್ಳು ಅಂತೆ. ಹಂಗೆಲ್ಲ ಕಳ್ಸಕಾಯ್ತದಾ? ಮೊದ್ಲು ಟೈಮ್ ತಗಳಾನ. ಆಮ್ಯಾಕೆ ಉಳಿದಿದ್ದು ನೋಡಾನ” ಎಂದು ನನ್ನ ಕಡೆ ತಿರುಗಿ, “ಬರಿಯಯ್ಯ” ಅಂದರು.

ಹೀಗೆ ಕಾಲಾವಕಾಶ ಕೇಳುವವರಿಗೆ ಅರ್ಜಿಯ ಒಂದು ಮಾದರಿ ಪೊಲೀಸ್ ಕಚೇರಿಯಲ್ಲಿ ಇತ್ತು. ಹೋಗಿ ಪ್ರತಿ ಮಾಡಿಕೊಂಡು ಬಂದೆ. ಅದರ ಮೊದಲ ಸಾಲೇ “ಪಾಕಿಸ್ತಾನದ ಪ್ರಜೆಯಾದ ನಾನು” ಎಂದು ಶುರುವಾಗುತ್ತಿತ್ತು. ನಾನು ವಕೀಲರಿಗೆ ತೋರಿಸಿದೆ. “ಅವ್ರ ಫಾರಮ್ಮು, ಅವ್ರು ಕೇಳ್ದಂಗೆ ಬರಿ. ಟೈಮ್ ಸಿಕ್ತದಾ ಇಲ್ವಾ ಅಷ್ಟೇ ನಮ್ಗೆ” ಎಂದರು. ಟೈಪು ಮಾಡಿದೆ. ಸಹಿ ಹಾಕುವ ಮುಂಚೆ ಬೇಕರಿಯವರು ಕಾಗದವನ್ನು ನನ್ನ ಕಡೆ ತಿರುಗಿಸಿ, “ಇದರಲ್ಲಿ ಎಂತ ಬರ್ದಿದೆ ಸಾರ್, ಒಮ್ಮೆ ಓದಿ ಹೇಳಿ” ಎಂದು ಕೇಳಿದರು. ಅವರಿಗೆ ಮಲಯಾಳ ಓದಲು ಬರುತ್ತಿತ್ತು, ಇಂಗ್ಲಿಷ್ ಇಲ್ಲ. ನಾನು ಎರಡನೆಯ ಸಾಲಿನಿಂದ ಓದಿ ಹೇಳಿದೆ. ಹೆಂಡತಿ ಮಗಳು ಇಲ್ಲಿದ್ದಾರೆ, ದಯವಿಟ್ಟು ಆರು ತಿಂಗಳು ಇರಲು ಬಿಡಿ ಎಂದು ಬರೆದಿದೆ ಅಂದೆ. ಅವರು ಸಮಾಧಾನದಿಂದ ತಲೆಯಾಡಿಸಿ ಮಲಯಾಳದಲ್ಲಿ ಸಹಿ ಹಾಕಿದರು.

ಯಾಕೆ ಬಿಟ್ಟೆ ಎಂದರೆ, ಓದಿದರೆ ಈ ಮನುಷ್ಯ ಸಹಿ ಹಾಕುವುದಿಲ್ಲ, ಅರ್ಧ ದಿನ ವಾದ ಆಗುತ್ತದೆ, ನನ್ನ ಊಟ ತಪ್ಪುತ್ತದೆ ಎಂಬ ಅಂದಾಜು. ಇದಕ್ಕಿಂತ ಘನವಾದ ಕಾರಣವೇನೂ ಇರಲಿಲ್ಲ.

ಆರು ತಿಂಗಳು ಸಿಕ್ಕಿತು. ಬೇಕರಿಯವರು ಒಂದು ಬುಟ್ಟಿ ಬನ್ನು ತಂದರು. ವಕೀಲರು ಗೆದ್ದ ಕುಸ್ತಿಪಟುವಿನಂತೆ ಕುರ್ಚಿಗೆ ಒರಗಿ, “ನೋಡ್ದೇನಯ್ಯ, ಹೆಂಗೆ?” ಎಂದು ಬಾಯಿತುಂಬ ಬನ್ನು ಇಟ್ಟುಕೊಂಡು ಕೇಳಿದರು. ನಾನೂ ತಿಂದೆ. ಚೆನ್ನಾಗಿತ್ತು.

ಆರು ತಿಂಗಳಾದ ಮೇಲೆ ಮತ್ತೆ ಅದೇ ನೋಟೀಸು, ಅದೇ ಅರ್ಜಿ, ಅದೇ ಮೊದಲ ಸಾಲು. ಮತ್ತೆ ಬನ್ನು. ಹೀಗೆ ಎರಡಾಯಿತು. ಮೂರನೆಯದಕ್ಕೆ ಮುಂಚೆ ಬೆಂಗಳೂರಿನಿಂದ ಪೌರತ್ವದ ಹೊಸ ಕಾಯಿದೆಯ ಪುಸ್ತಕ ಆಫೀಸಿಗೆ ಬಂತು. ವಕೀಲರೇ ತರಿಸಿದ್ದು, ಕಪಾಟಿನ ಶೋಭೆಗೆ. ಅದರ ಹಾಳೆಗಳ ಅಂಚು ಕತ್ತರಿಸಿರಲಿಲ್ಲ. ಮಧ್ಯಾಹ್ನ ಅವರು ಕುರ್ಚಿಯಲ್ಲೇ ಗೊರಕೆ ಹೊಡೆಯುವಾಗ ನಾನು ಪೆನ್ಸಿಲ್ ಕೆತ್ತುವ ಚಾಕುವಿನಿಂದ ಹಾಳೆ ಬಿಡಿಸಿ ಓದಿದೆ. ತನ್ನ ಇಷ್ಟದಿಂದ ಇನ್ನೊಂದು ದೇಶದ ಪ್ರಜೆಯಾದವನು ಮಾತ್ರ ಇಲ್ಲಿಯ ಪ್ರಜೆತನ ಕಳೆದುಕೊಳ್ಳುತ್ತಾನೆ, ಅದರ ಬಗ್ಗೆ ತಕರಾರು ಬಂದರೆ ದೆಹಲಿ ಸರ್ಕಾರ ತೀರ್ಮಾನಿಸಬೇಕು ಎಂದು ಅದರಲ್ಲಿತ್ತು. ತಲೆಗೆ ಹೊಳೆಯಿತು. ಈ ಮನುಷ್ಯ ಮೊದಲ ದಿನ ಹೇಳಿದ ಮಾತೇ ಇವನ ರಕ್ಷೆ, ನಾವು ಪ್ರತಿ ಸಲ ಬರೆದು ಕೊಡುತ್ತಿರುವ ಮೊದಲ ಸಾಲೇ ಇವನಿಗೆ ಉರುಳು.

ವಕೀಲರು ಎದ್ದ ಮೇಲೆ ಹೇಳಿದೆ. ಹೇಳಲಿಲ್ಲ ಎಂದು ಯಾರೂ ಅನ್ನಬಾರದು.

“ಕಾನೂನು ಓದಿದ್ದು ನೀನೋ ನಾನೋ?” ಎಂದರು. “ಇಷ್ಟ ಇತ್ತೋ ಇಲ್ವೋ ಅಂತ ದೆಹಲಿಗೆ ಬರ್ದು, ಅವ್ರು ಇಲ್ಲ ಅಂದ್ರೆ ನಾಳೆನೇ ಗಾಡಿ ಹತ್ತುಸ್ತಾರೆ. ಇಲ್ಲಿ ಆರಾರು ತಿಂಗ್ಳು ಸಿಕ್ತಾ ಐತೆ. ಕೆರ್ಕೊಂಡು ಹುಣ್ಣು ಮಾಡ್ಕೊಳದ್ಯಾಕೆ?”

ನಾನು ಯಂತ್ರಕ್ಕೆ ಕಾಗದ ಏರಿಸಿದೆ. ಅವರನ್ನು ಪೆದ್ದ ಎಂದು ನಾನು ಒಳಗೊಳಗೇ ತಾತ್ಸಾರ ಮಾಡುತ್ತಿದ್ದ ವರ್ಷಗಳವು. ಪೆದ್ದನಿಗೆ ತನ್ನ ಪೆದ್ದತನ ಗೊತ್ತಿರುವುದಿಲ್ಲ. ಗೊತ್ತಿದ್ದೂ ಟೈಪು ಮಾಡಿದವನಿಗೆ ಏನೆನ್ನಬೇಕೋ ನನಗೆ ಇನ್ನೂ ಒಳ್ಳೆಯ ಶಬ್ದ ಸಿಕ್ಕಿಲ್ಲ.

ನಾಲ್ಕು, ಐದು. ಐದನೆಯ ಅವಧಿ ಮುಗಿಯುವ ಹೊತ್ತಿಗೆ ಈ ಅರ್ಜಿಗಳನ್ನು ನೋಡುವ ಜಾಗಕ್ಕೆ ಮೈಸೂರು ಕಡೆಯಿಂದ ಹೊಸ ಅಧಿಕಾರಿ ಬಂದರು. ಸಣ್ಣ ಕನ್ನಡಕ, ಸಣ್ಣ ದನಿ. ಈ ಕಡತ ನೋಡಿ ಅವರು ಮಾಡಿದ ಮೊದಲ ಕೆಲಸ, ಬೇಕರಿಯವರನ್ನು ವಕೀಲರ ಸಮೇತ ಕರೆಸಿದ್ದು. ಮತ್ತೆ ಕಾಲಾವಕಾಶ ಕೊಡುವುದಿಲ್ಲ, ಆದರೆ ನಿಮಗೆ ಹೇಳಿಕೊಳ್ಳುವುದೇನಾದರೂ ಇದ್ದರೆ ನಾನು ಕೇಳಿ, ಸರಿಕಂಡರೆ ದೆಹಲಿಗೆ ಶಿಫಾರಸು ಮಾಡುತ್ತೇನೆ, ನೀವು ಇಲ್ಲೇ ಹುಟ್ಟಿ ಬೆಳೆದವರೆಂದು ಸಾಕ್ಷಿ ಹೇಳುವ ಇಬ್ಬರನ್ನೂ ಕರೆತನ್ನಿ ಎಂದರು.

ಸುಂಟಿಕೊಪ್ಪದಲ್ಲಿ ಅವರ ಬನ್ನು ತಿನ್ನದ ಬಾಯಿ ಇರಲಿಲ್ಲ. ತೋಟಗಳ ಬಂಗಲೆಗಳಿಗೆ ಬೆಳಿಗ್ಗೆ ಬ್ರೆಡ್ಡು ಅಲ್ಲಿಂದಲೇ ಹೋಗಬೇಕು, ಬಸ್ಸಿನ ಡ್ರೈವರಿಗೆ ಅಲ್ಲಿಯ ಚಾ ಕುಡಿಯದೆ ಸ್ಟೀರಿಂಗು ತಿರುಗದು. ನಾನು ಸಾಕ್ಷಿಗಾಗಿ ಮನೆಮನೆ ಹತ್ತಿದಾಗ ಮಾತ್ರ ಊರಿಗೆ ಊರೇ ನಿನ್ನೆ ಬಂದು ಇಳಿದವರಂತೆ ಮಾತಾಡಿತು. ಒಬ್ಬ ತೋಟದ ಸಾಹುಕಾರರು ಅದೇ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, “ಒಳ್ಳೆ ಮನುಷ್ಯ ಮಾರಾಯ, ಆದ್ರೆ ಪಾಕಿಸ್ತಾನದ ವಿಷ್ಯ ಅಲ್ವಾ, ನಮ್ಮನ್ನ ಬಿಡಿ” ಎಂದರು. ಕೊನೆಗೆ ಬಂದವರು ಇಬ್ಬರು. ಊರಿನ ಮುದಿ ಸೂಲಗಿತ್ತಿ ಮತ್ತು ಮಸೀದಿಯಲ್ಲಿ ಬಾಂಗು ಕೂಗುವ ಮುಕ್ರಿ. ಸೂಲಗಿತ್ತಿ ಅಧಿಕಾರಿಯ ಮೇಜಿಗೆ ಕೈಯೂರಿ, “ನನ್ನ ಈ ಕೈಗೇ ಬಿದ್ದದ್ದು ಸ್ವಾಮಿ, ಕಾಲು ಮುಂದಾಗಿ” ಎಂದಳು. ಅಧಿಕಾರಿ ನಗದೆ ಬರೆದುಕೊಂಡರು.

ಆಮೇಲೆ ನಮ್ಮ ವಕೀಲರು ಎದ್ದರು. ಆ ದಿನ, ನಾನು ಕಂಡಂತೆ ಜೀವಮಾನದಲ್ಲಿ ಮೊದಲ ಬಾರಿಗೆ, ಅವರು ವಾದ ಮಾಡಿದರು. ಹಿಂದಿನ ಸಂಜೆ ನಾನೇ ಬರೆದು ಕೊಟ್ಟದ್ದು. ಈತ ಎಂದೂ ಇಷ್ಟಪಟ್ಟು ಆ ದೇಶದ ಪ್ರಜೆಯಾಗಲಿಲ್ಲ, ಮನೆಗೆ ಮರಳಲು ಬೇರೆ ದಾರಿಯಿಲ್ಲದೆ ಪಾಸ್‌ಪೋರ್ಟ್ ಪಡೆದ ಎಂದರು. ಚೆನ್ನಾಗಿಯೇ ಹೇಳಿದರು, ಆ ಬಗ್ಗೆ ಸುಳ್ಳು ಹೇಳಲಾರೆ.

ಅಧಿಕಾರಿ ಪೂರ್ತಿ ಕೇಳಿ ಕಡತ ಬಿಡಿಸಿದರು. ಒಂದೊಂದೇ ಅರ್ಜಿಯನ್ನು ಹೊರತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಐದು.

“ಇವು ನಿಮ್ಮ ಆಫೀಸಿನಿಂದ ಬಂದವಲ್ಲವೇ?”

“ಹೌದು ಸ್ವಾಮಿ. ಅವು ಬರೀ ಟೈಮ್ ಕೇಳಿದ್ದು.”

“ಪಾಕಿಸ್ತಾನದ ಪ್ರಜೆಯಾದ ನಾನು ಎಂದು ಈತ ಐದು ಸಲ ಸಹಿ ಹಾಕಿದ್ದಾನೆ. ಎರಡೂವರೆ ವರ್ಷದಲ್ಲಿ ಒಂದು ಸಲವೂ ಅಲ್ಲ ಎಂದಿಲ್ಲ. ಇದನ್ನೆಲ್ಲ ಒಟ್ಟಿಗೆ ಇಟ್ಟು ನಾನು ದೆಹಲಿಗೆ ಏನೆಂದು ಬರೆಯಲಿ? ನೀವೇ ಹೇಳಿ, ಹಾಗೇ ಬರೆಯುತ್ತೇನೆ.”

ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಉತ್ತರ ಬೇಕಿತ್ತು ಅವರಿಗೆ. ನಮ್ಮ ವಕೀಲರು ಕೋಟು ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು, ನನ್ನ ಕಡೆ ನೋಡಿದರು, ಆಮೇಲೆ ಬಾಯಿ ಬಿಟ್ಟರು.

“ಇದ್ಕೆ ಉತ್ತರ ಹೇಳಕ್ಕೆ ಹದಿನೈದು ದಿನ ವಾಯಿದೆ ಕೊಡ್ಬೇಕು ಸ್ವಾಮಿ.”

ಕೊಡಲಿಲ್ಲ. ಶಿಫಾರಸೂ ಹೋಗಲಿಲ್ಲ. ಹತ್ತು ದಿನದಲ್ಲಿ ಹೊರಡಬೇಕೆಂದು ಆಜ್ಞೆಯಾಯಿತು. ಹೊರಗೆ ಬಂದು ಜೀಪು ಹತ್ತುವಾಗ ವಕೀಲರು, “ಮೈಸೂರಿನೋರು ಬಂದ್ಮೇಲೆ ನ್ಯಾಯ ಎಲ್ಲೈತೆ” ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವರು ಇನ್ನೂ ಹಲವು ವರ್ಷ ಕೋರ್ಟಿನಲ್ಲಿ ಮೆರೆದರು, ಸತ್ತಾಗ ಕೋರ್ಟಿನ ಬಾರ್ ರೂಮಿನಲ್ಲಿ ಅವರ ಪಟ ತೂಗುಹಾಕಿದರು. ಅದನ್ನು ಕಂಡಾಗಲೆಲ್ಲ ನನಗೆ ಬರುತ್ತಿದ್ದುದು ಉಗುಳು.

ಹೊರಡುವ ದಿನ ನಾನು ಸುಂಟಿಕೊಪ್ಪಕ್ಕೆ ಹೋದೆ. ಅವರ ಕಾಗದಪತ್ರ ಹಿಂದಿರುಗಿಸುವ ನೆಪ ಇತ್ತು. ಬೆಳಿಗ್ಗೆ ಎಂಟರ ಹೊತ್ತು, ಮೈಸೂರಿನ ಬಸ್ಸಿಗೆ ಇಬ್ಬರು ಕಾನ್‌ಸ್ಟೇಬಲ್‌ಗಳ ಜೊತೆ ಅವರು ನಿಂತಿದ್ದರು. ಒಂದು ತಗಡಿನ ಪೆಟ್ಟಿಗೆ, ಪಕ್ಕದಲ್ಲಿ ಹೆಂಡತಿ, ಹನ್ನೆರಡು ಹದಿಮೂರರ ಮಗಳು. ಹುಡುಗಿ ಅಪ್ಪನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಬನ್ನು ತಿಂದ ಊರು ಅಂಗಡಿಗಳ ಒಳಗಿನಿಂದ ನೋಡುತ್ತಿತ್ತು.

ಅವರು ಕಾಗದ ತೆಗೆದುಕೊಂಡು ನನ್ನನ್ನು ಸ್ವಲ್ಪ ದೂರ ಕರೆದೊಯ್ದರು. ಹುಡುಗಿ ಅಂಗಿ ಬಿಡಲು ಒಪ್ಪಲಿಲ್ಲ. ತಾಯಿ, ಅವಳ ಉಮ್ಮ, ಬಂದು ಬೆರಳು ಬಿಡಿಸಬೇಕಾಯಿತು.

“ಅದರಲ್ಲಿ ಹಾಗೆ ಬರ್ದದ್ದು ನಿಮಗೆ ಗೊತ್ತಿತ್ತಾ ಸಾರ್?”

“ಗೊತ್ತಿತ್ತು” ಎಂದೆ.

ಬೈಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೂ ಸುಮ್ಮನಿರುತ್ತಿದ್ದೆ. ಅವರು ಮಗಳ ಕಡೆ ಕೈ ತೋರಿಸಿದರು.

“ನಾನು ಬಂದ ಹೊಸತಿಗೆ ಇವಳು ನನ್ನ ಹತ್ರ ಬರ್ತಿರ್ಲಿಲ್ಲ. ಬಾಗಿಲ ಹಿಂದೆ ನಿಂತು, ಇವರು ಯಾವಾಗ ಹೋಗೂದು ಅಂತ ಉಮ್ಮನ ಹತ್ರ ಕೇಳ್ತಿದ್ಳು. ಆಗ್ಲೇ ಕಳ್ಸಿದ್ರೆ ಇವಳಿಗೆ ಎಂತದೂ ಆಗ್ತಿರ್ಲಿಲ್ಲ ಸಾರ್. ಯಾರೋ ಬಂದ್ರು, ಹೋದ್ರು, ಅಷ್ಟೇ. ನೀವು ಎರಡೂವರೆ ವರ್ಷ ತೆಗ್ದುಕೊಟ್ರಿ. ಈಗ ನನ್ನನ್ನ ಉಪ್ಪ ಅಂತ ಕರೀತಾಳೆ.”

ಅಷ್ಟು ಹೇಳಿ ಬಸ್ಸು ಹತ್ತಿದರು. ಕಾನ್‌ಸ್ಟೇಬಲ್ ಕಿಟಕಿಯ ಕಡೆ ಕೂತ, ಅವರನ್ನು ಒಳಗಡೆ ಕೂರಿಸಿದ. ಹೊರಗಿನಿಂದ ಮುಖ ಕಾಣಲಿಲ್ಲ. ಬಸ್ಸು ಕುಶಾಲನಗರದ ಕಡೆ ತಿರುಗಿತು. ತಾಯಿ ಗೋಡೆಗೆ ಒರಗಿ ಕೂತಳು. ಹುಡುಗಿ ಮಾತ್ರ ನನ್ನ ಮುಂದೆ ಬಂದು ನಿಂತಳು. ನಾನು ವಕೀಲರ ಆಫೀಸಿನವನು, ಕಾನೂನು ಬಲ್ಲವನು ಎಂದು ಅವಳಿಗೆ ಯಾರೋ ಹೇಳಿದ್ದಿರಬೇಕು.

“ಉಪ್ಪ ಯಾವಾಗ ಬರೂದು?” ಎಂದು ಕೇಳಿದಳು.

“ಮಳೆಗಾಲ ಮುಗಿದ ಮೇಲೆ” ಎಂದೆ.

ಅವಳು ನಂಬಿದಳು.