ಬಸ್ಸಿನಲ್ಲಿ ಅಕ್ಕ ಕುಡಿದ ನೀರು

ದೆವ್ವ, ಗಾಳಿ ಅಂದರೆ ನಗುತ್ತಿದ್ದವಳು ನಾನು. ನವಲಗುಂದದ ಬಾಜು ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ನಗದೆ ಏನು ಮಾಡಲಿ? ಈಗ ನಂಬುತ್ತೇನೆ ಅಂತಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಕೆಲವು ವರ್ಷದ ಹಿಂದಿನ ಮಾತು. ಕಡು ಬೇಸಿಗೆ. ನಾನು, ನನ್ನನ್ನು ಎತ್ತಿ ಆಡಿಸಿದ ಶಾಂತಕ್ಕ ಇಬ್ಬರೂ ಅಳ್ನಾವರಕ್ಕೆ ಸಂಬಂಧಿಕರ ಬಸುರಿ ಮಗಳ ಕುಬಸಕ್ಕೆ ಹೋಗಿದ್ದೆವು. ಊಟವಾದ ಮೇಲೆ ಅಕ್ಕನಿಗೆ ವಾಂತಿ, ಭೇದಿ ಹತ್ತಿಕೊಂಡಿತು. ಬೆಳಗಾಗುವುದರೊಳಗೆ ಹಿಂಡಿದ ಬಟ್ಟೆಯಂತಾದಳು. ಅಲ್ಲೇ ದವಾಖಾನೆಗೆ ತೋರಿಸಬೇಕಿತ್ತು. "ಪರಊರಾಗ ಬ್ಯಾಡ, ನಮ್ಮೂರಿಗೇ ಹೋಗೂಣು" ಅಂದಳು. ನಾನೂ ಹೂಂ ಅಂದೆ.

ಬಸ್ಸು ಹತ್ತುವ ದಿನ ನಮ್ಮ ಕಡೆಯ ಹೆಂಗಸರು ನೀರು ಕುಡಿಯುವುದಿಲ್ಲ. ದಾರಿಯಲ್ಲಿ ಎಲ್ಲಿ ಇಳಿಯುವುದು, ಎಲ್ಲಿ ಕೂರುವುದು? ಭೇದಿಯಾದಾಗ ಕುಡಿಸುವ ಉಪ್ಪು ಸಕ್ಕರೆ ನೀರಿನ ಚಿತ್ರವನ್ನು ಶಾಲೆಯ ಗೋಡೆಗೆ ಅಂಟಿಸಿದವಳು ನಾನೇ. ಆದರೆ ಜನರ ಮುಂದೆ ಅಕ್ಕನ ಸೀರೆ ಕೆಟ್ಟರೆ ಎಂಬ ನಾಚಿಕೆಯೇ ದೊಡ್ಡದಾಯಿತು.

ಹುಬ್ಬಳ್ಳಿ ದಾಟಿದ ಮೇಲೆ ಅಕ್ಕ, "ಲೇ ತಂಗಿ, ಒಂದ ಗುಟುಕ ನೀರ ಕೊಡ" ಅಂದಳು.

"ತಡಿಯಕ್ಕ, ಕುಡದ್ರ ಮತ್ತ ಆಗತದ. ಊರು ಬಂತು."

ಇನ್ನೊಮ್ಮೆ ಕೇಳಿದಳು. ಆಮೇಲೆ ಕೇಳಲಿಲ್ಲ. ಬೆಳಿಗ್ಗೆಯಿಂದ ಒಂದಕ್ಕೂ ಹೋಗಿರಲಿಲ್ಲ. ಚಲೋನೇ ಆತು ಅಂದುಕೊಂಡೆ. ಎಂಥ ದಡ್ಡಿ ನಾನು!

ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ನಕ್ಕಳು. "ಸಾಕವಾ, ಕುಡದೆ. ಅಗದಿ ತಣ್ಣಗಿದ್ವು."

"ಯಾರ ಕೊಟ್ರಕ್ಕ?"

"ಈಕಿ. ಪುಣ್ಯಾತಗಿತ್ತಿ" ಎಂದು ಮುಂದಿನ ಸೀಟು ತೋರಿಸಿದಳು. ಅಲ್ಲಿ ಯಾರೂ ಇರಲಿಲ್ಲ, ಎರಡು ಉಳ್ಳಾಗಡ್ಡಿ ಚೀಲ ಇದ್ದವು. ಆದರೆ ಒಡೆದಿದ್ದ ಅವಳ ತುಟಿ ಒದ್ದೆಯಾಗಿತ್ತು. ಗದ್ದದಿಂದ ನೀರು ಇಳಿದು ಸೆರಗು ತೊಯ್ದಿತ್ತು. ಮುಟ್ಟಿದೆ, ನನ್ನ ಕೈಗೂ ತಂಪು ಹತ್ತಿತು. ನನ್ನ ಕೈಚೀಲದಲ್ಲಿದ್ದ ನೀರಿನ ಬಾಟಲಿಯ ಸೀಲು ಒಡೆದಿರಲಿಲ್ಲ.

ನವಲಗುಂದದಲ್ಲಿ ಸಲೈನ್ ಹಚ್ಚಲು ನರವೇ ಸಿಗಲಿಲ್ಲ. "ಮೈಯಾಗಿನ ನೀರ ಪೂರಾ ಹೋಗ್ಯಾವ್ರಿ. ಭೇದಿ ಆದಾಗ ನೀರ ನಿಲ್ಲಸಬಾರದು. ಓಆರ್‌ಎಸ್ ಗುಟುಕ ಗುಟುಕ ಕುಡಿಸಕೋತ ಬರಬೇಕಿತ್ತು" ಅಂದರು ಡಾಕ್ಟರು. ಸಂಜೆಯೊಳಗೆ ಅಕ್ಕ ಹೋದಳು.

ನೀರು ಕಡಿಮೆಯಾದರೆ ಭ್ರಮೆ ಬರುತ್ತದೆ ಅಂತಲೂ ಅವರು ಹೇಳಿದರು. ಇರಬಹುದು. ಹಾಗಾದರೆ ಸೆರಗು ತೊಯ್ದದ್ದು ಹೇಗೆ?

ನೀರು ಕೊಟ್ಟವಳು ಯಾರೋ, ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಅಕ್ಕ ಕೇಳಿದ್ದು ನನ್ನನ್ನು.