ಹುಳದ ಡಾಕ್ಟರ್

ನಮ್ಮಣ್ಣನ ಮಗಳಿಗೆ ಮನೆಯಲ್ಲಿ ‘ಹುಳದ ಡಾಕ್ಟರ್’ ಅಂತ ಅಡ್ಡಹೆಸರು. ಮೊದಲು ಅವಳದು ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಸಂಶೋಧನೆ. ಆ ತಪ್ಪಿಗೆ ಅವರ ಕಡೆ ‘ಬಗ್’, ಅಂದರೆ ಹುಳ ಅಂತಲೇ ಅನ್ನುತ್ತಾರಂತೆ. ಹುಡುಕಲು ಕೂತಳೆಂದರೆ ಕುರ್ಚಿಯ ಕಾಲು ಬೇರುಬಿಟ್ಟು ಚಿಗುರುತ್ತಿತ್ತು. ಒಮ್ಮೆ ನಾನೇ ನೀರು ಹಾಕಿ ಬಂದಿದ್ದೇನೆ.

ಪಿಎಚ್‌ಡಿ ಬಂದ ದಿನ ಅವಳ ಅಜ್ಜಿ ನಾಲಿಗೆ ಚಾಚಿಕೊಂಡು ಎದುರಿಗೆ ನಿಂತರು.

“ಅಜ್ಜಿ, ನಾನು ಆ ಡಾಕ್ಟರ್ ಅಲ್ಲ.”

“ಮತ್ತೆ ಇಷ್ಟು ವರ್ಷ ಓದಿದ್ದೇನೇ, ಮಣ್ಣು?”

ಆ ಮಾತು ಅವಳ ತಲೆಗೆ ಹುಳ ಬಿಟ್ಟಿತು. ಮರುವರ್ಷವೇ ಆಸ್ಪತ್ರೆಯ ಲ್ಯಾಬು ಸೇರಿದಳು. ಅಲ್ಲಿನವರು ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿಕೊಂಡು, ರೋಗಿಗಳ ಮಲದಲ್ಲಿ ಹೊಟ್ಟೆಹುಳದ ಮೊಟ್ಟೆ ಹುಡುಕುತ್ತಿದ್ದರು. ಅದನ್ನು ಕಂಪ್ಯೂಟರಿಗೆ ಕಲಿಸುತ್ತೇನೆಂದು ಹೊರಟಳು. ಊಟಕ್ಕೆ ಕೂತಾಗ ಅವಳು ಕೆಲಸದ ಸುದ್ದಿ ಎತ್ತಿದರೆ ನಾವೆಲ್ಲ ತಟ್ಟೆ ಎತ್ತಿಕೊಂಡು ಏಳುತ್ತಿದ್ದೆವು. ಶುರುವಿನಲ್ಲಿ ಅವಳ ಯಂತ್ರ ಗಾಳಿಗುಳ್ಳೆಯನ್ನೇ ಮೊಟ್ಟೆ ಅಂದುಕೊಂಡು, ನನ್ನ ಹೊಟ್ಟೆಯಲ್ಲಿ ಇಡೀ ಊರಿಗೆ ಹಂಚಿ ಮಿಗುವಷ್ಟು ಹುಳ ತೋರಿಸಿತ್ತು.

ನಾಲ್ಕು ವರ್ಷದ ಮೇಲೆ ಯಂತ್ರದ ಪರೀಕ್ಷೆಯ ದಿನ ಬಂತು. ಲ್ಯಾಬಿನ ಮುಖ್ಯಸ್ಥರು ನಗುವುದಕ್ಕೂ ಅರ್ಜಿ ಕೇಳುವಂಥ ಮನುಷ್ಯ. “ಆರೋಗ್ಯವಾಗಿರೋರಲ್ಲಿ ಒಂದೇ ಒಂದು ಮೊಟ್ಟೆ ತೋರಿಸಿದ್ರೂ ಈ ಡಬ್ಬ ಗೋಡೌನಿಗೆ” ಅಂದುಬಿಟ್ಟಿದ್ದರು. ಆರೋಗ್ಯವಂತರ ಲೆಕ್ಕದಲ್ಲಿ ನನ್ನನ್ನು ಎಳೆದು ತಂದಿದ್ದಳು. “ನನ್ನದನ್ನೂ ಹಾಕಮ್ಮ, ನನಗಿಂತ ಶುದ್ಧ ಯಾರಿದ್ದಾರೆ?” ಎಂದು ಮುಖ್ಯಸ್ಥರೂ ತಮ್ಮ ಸ್ಯಾಂಪಲ್ ಕೊಟ್ಟಿದ್ದರು.

ನನ್ನದರಲ್ಲಿ ಏನೂ ಇರಲಿಲ್ಲ. ಎದೆ ಉಬ್ಬಿಸಿದೆ. ಮುಖ್ಯಸ್ಥರ ಸರದಿ ಬಂದಾಗ ಯಂತ್ರ ‘ಮೊಟ್ಟೆ’ ಅಂದಿತು.

“ನೋಡಿದ್ಯಾ? ನಿನ್ನ ಪ್ರೋಗ್ರಾಮಿನಲ್ಲಿ ಹುಳ ಇದೆ!”

ಹುಡುಗಿಯ ಮುಖ ಸುಣ್ಣವಾಯಿತು. ಮತ್ತೆ ಆ ಹಾಳು ಗಾಳಿಗುಳ್ಳೆಯೇ ಇರಬೇಕೆಂದು ನನ್ನ ಜೀವವೂ ಬಾಯಿಗೆ ಬಂತು. ಅವಳು ಸ್ಲೈಡನ್ನು ಮೈಕ್ರೋಸ್ಕೋಪಿನಡಿ ಇಟ್ಟು, ತಿರುಪನ್ನು ಅತ್ತ ಇತ್ತ ತಿರುಗಿಸಿ, ಉಸಿರುಬಿಟ್ಟು ಎದ್ದಳು.

“ನೀವೇ ನೋಡಿ ಸಾರ್.”

ಅವರು ಬಗ್ಗಿದರು. ಬಗ್ಗಿಯೇ ಇದ್ದರು. ಅಷ್ಟು ಹೊತ್ತಿನಲ್ಲಿ ಆ ಮೊಟ್ಟೆ ಒಡೆದು ಹುಳ ಹೊರಬಂದು, ಸಂಸಾರ ಹೂಡಿ, ಮೊಮ್ಮಕ್ಕಳನ್ನೂ ಎತ್ತಿ ಆಡಿಸಬಹುದಿತ್ತು.

“ಹುಳ ಪ್ರೋಗ್ರಾಮಿನಲ್ಲಿಲ್ಲ ಸಾರ್” ಅಂದಳು ಮೆಲ್ಲಗೆ.

ಮುಖ್ಯಸ್ಥರು ಕನ್ನಡಕ ತೆಗೆದರು. ಆಮೇಲೆ ಅರ್ಜಿಗಿರ್ಜಿ ಏನೂ ಇಲ್ಲದೆ, ಕಿಟಕಿಯ ಗಾಜು ಅದುರುವ ಹಾಗೆ ನಕ್ಕರು.

“ಡಬ್ಬ ಇಲ್ಲೇ ಇರಲಿ. ಗೋಡೌನಿಗೆ ನಾನು ಹೋಗ್ತೀನಿ. ಬೇಗ ಒಂದು ಮಾತ್ರೆ ಬರೆದುಕೊಡಿ, ಡಾಕ್ಟ್ರೇ!”

“ಸಾರ್, ನಾನು ಆ ಡಾಕ್ಟರ್ ಅಲ್ಲ.”